ನಮಗೆ ಸೇರುವುದಿಲ್ಲ

ತಿರುಮಕೂಡಲು ನರಸೀಪುರದ ಬೀಗರ ಮನೆಯ ಹಜಾರದಲ್ಲಿ ಆ ಮಧ್ಯಾಹ್ನ ಎಲೆ ಹಾಕಿದಾಗ ಇದ್ದವರು ಇಷ್ಟೇ ಜನ. ಗೋಡೆ ಬದಿಯ ಸಾಲಿನಲ್ಲಿ ನಮ್ಮ ಯಜಮಾನರು, ನಾನು, ನನ್ನ ಮಗ. ಎದುರಿಗೆ ಬೀಗರು. ಮಂಡಿನೋವಿನಿಂದ ಒಂದು ಕಾಲನ್ನು ಉದ್ದಕ್ಕೆ ಚಾಚಿಕೊಂಡು, ಅದಕ್ಕಾಗಿ ನಮ್ಮ ಯಜಮಾನರ ಹತ್ತಿರ ಮತ್ತೆ ಮತ್ತೆ ತಪ್ಪು ತಿಳಿಯಬೇಡಿ ಎಂದು ಕೇಳಿಕೊಳ್ಳುತ್ತಿದ್ದರು. ಮದುವೆಯಾಗಿ ಇನ್ನೂ ತಿಂಗಳು ತುಂಬದ ಸೊಸೆ ತವರಿನ ಸಲಿಗೆಯಲ್ಲಿ ಸೆರಗು ಸಿಕ್ಕಿಸಿಕೊಂಡು ಲೋಟಗಳಿಗೆ ನೀರು ಬಿಡುತ್ತಿದ್ದಳು. ಬಡಿಸುತ್ತಿದ್ದವರು ಬೀಗಿತ್ತಿ, ಅವಳ ತಾಯಿ.

ಅವರದು ಒಕ್ಕಲುತನದ ಮನೆ. ಅವರಲ್ಲಿ ಬೀಗರ ಊಟವೆಂದರೆ ಬಾಡೂಟ. ನಾವು ನಂಜನಗೂಡಿನವರು. ನನ್ನ ತಾತ ದೇವಸ್ಥಾನದ ಅಡುಗೆಮನೆಯಲ್ಲಿ ನೈವೇದ್ಯ ಬೇಯಿಸುತ್ತಿದ್ದವರು. ಮಗ ತಾನೇ ಮೆಚ್ಚಿ ಈ ಹುಡುಗಿಯನ್ನು ಮದುವೆಯಾಗುತ್ತೇನೆ ಎಂದಾಗ ನಮ್ಮ ಮನೆಯಲ್ಲಿ ಯಾರೂ ಊಟ ಬಿಟ್ಟು ಮಲಗಲಿಲ್ಲ. ನಾನಂತೂ ಹುಡುಗಿಯ ಮಾತು ಕೇಳಿಯೇ ಒಪ್ಪಿದವಳು. ಆದರೂ ಬೀಗಿತ್ತಿಗೆ ಒಳಗೊಳಗೇ ಅಳುಕಿತ್ತು. ನಮಗಾಗಿ ಅಂದು ಬಾಡು ಬಿಟ್ಟು, ಹಿಂದಿನ ಸಂಜೆಯೆಲ್ಲ ನೆನೆಸಿದ ಅವರೆಕಾಳಿನ ಸಿಪ್ಪೆಯನ್ನು ಒಂದೊಂದಾಗಿ ಹಿತಕಿ ಬೇಳೆ ತೆಗೆದಿದ್ದರು. ಅಷ್ಟೇ ಅಲ್ಲ, ಹಳೆಯ ಪಾತ್ರೆಗಳಲ್ಲಿ ಬಾಡು ಬೆಂದಿದೆ ಎಂದು ಪೇಟೆಯಿಂದ ಹೊಸ ಪಾತ್ರೆ ತರಿಸಿದ್ದರು. ಮುದ್ದೆ ತಿರುವುವ ಕೋಲು ಕೂಡ ಹೊಸದು. ಅದನ್ನು ಸೊಸೆಯೇ ನನ್ನ ಕಿವಿಯ ಹತ್ತಿರ ಬಂದು ಹೇಳಿದ್ದಳು, ನಗುತ್ತ, ಅಮ್ಮ ನಿಮಗೆ ಎಷ್ಟು ಹೆದರಿಕೊಂಡಿದ್ದಾಳೆ ನೋಡಿ ಅತ್ತೆ ಎಂದು.

ಮುದ್ದೆ ಬಂತು. ಹೊಗೆಯಾಡುವ ಮುದ್ದೆ, ನೆತ್ತಿಯಲ್ಲಿ ಗುಂಡಿ, ಗುಂಡಿಯಲ್ಲಿ ತುಪ್ಪ. ಪಕ್ಕದಲ್ಲಿ ಹಿತಕಿದ ಬೇಳೆಯ ಸಾರು. ನಮ್ಮ ಯಜಮಾನರು ಮುದ್ದೆಯನ್ನು ಅನ್ನದ ಹಾಗೆ ಅಗಿಯಲು ಹೊರಟರು. ಬೀಗರಿಗೆ ನಗು ತಡೆಯಲಾಗಲಿಲ್ಲ.

"ಅಗೀಬ್ಯಾಡಿ ಸಾ, ಅದೇನ್ ಎಲೆ ಅಡ್ಕೇನಾ? ಸಾರ್‍ನಲ್ಲಿ ಅದ್ಬುಟ್ಟು ನುಂಗಿ. ಅದ್ರಷ್ಟಕ್ಕೆ ಅದೇ ಜಾರಿ ಓಯ್ತದೆ."

ಅದರಷ್ಟಕ್ಕೆ ಅದೇ ಜಾರಿ ಹೋಗುತ್ತದೆ ಎಂಬುದೇ ನನ್ನ ಕಷ್ಟ. ಅದನ್ನು ನಾನು ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ಅಂದು ಹೇಳಲಾಗಲಿಲ್ಲ. ಮೆತ್ತಗಿದ್ದು ಅಂಟುವ ಯಾವ ಪದಾರ್ಥವೂ, ನುಣುಪಾಗಿ ಜಾರುವ ಯಾವ ಪದಾರ್ಥವೂ ನನ್ನ ಗಂಟಲಿಗೆ ಇಳಿಯುವುದಿಲ್ಲ. ರುಚಿ ಕೆಟ್ಟದ್ದೆಂದಲ್ಲ. ವಾಸನೆಗೆ ಬಾಯಲ್ಲಿ ನೀರೂರಿರುತ್ತದೆ. ನಾಲಿಗೆಗೆ ತಾಗಿತೋ, ಗಂಟಲಲ್ಲಿ ಯಾರೋ ಕದ ಹಾಕಿ ಅಗುಳಿ ಸರಿಸುತ್ತಾರೆ. ಮೈಯೂ ಹಾಗೆಯೇ. ಯಾರಾದರೂ ಹೇಳದೆ ಕೇಳದೆ ಮುಟ್ಟಿದರೆ, ಅದರಲ್ಲೂ ಒದ್ದೆ ಕೈಯಲ್ಲಿ ಮೆಲ್ಲಗೆ ಸವರಿದರೆ, ಸುಟ್ಟ ಜಾಗದ ಹಾಗೆ ಬಹಳ ಹೊತ್ತು ಅಲ್ಲೇ ಉರಿಯುತ್ತಿರುತ್ತದೆ. ಗಟ್ಟಿಯಾಗಿ ಒತ್ತಿ ಹಿಡಿದರೆ ತಡೆದುಕೊಂಡೇನು. ಪ್ರೀತಿಯಿಂದ ಸವರಿದರೆ ಆಗದು. ಲೋಕದಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯುವವರು ಕಡಿಮೆ, ಪ್ರೀತಿಯಿಂದ ಸವರುವವರೇ ಹೆಚ್ಚು. ಏನು ಮಾಡುವುದು?

ನಾನು ಮುದ್ದೆಯ ಅಂಚನ್ನು ಬೆರಳಿನಿಂದ ಮುಟ್ಟಿ, ಬೆರಳು ಒರೆಸಿ, ಮತ್ತೆ ಮುಟ್ಟಿ ಕೂತಿದ್ದೆ. ಬೀಗಿತ್ತಿ ಅದನ್ನು ನಾಚಿಕೆ ಎಂದುಕೊಂಡರು. ನನ್ನ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ, ಬೇಳೆಯ ಸಮೇತ ನನ್ನ ಬಾಯಿಯ ಹತ್ತಿರ ತಂದರು.

"ನನ್ ಕೈಲಿ ಒಂದ್ ತುತ್ತು ತಗಳಿ ಬೀಗಿತ್ರೀ. ಮಗಳ್ನೇ ಕೊಟ್ಟಿದೀನಿ, ತುತ್ತು ಕೊಡಾಕಿಲ್ವಾ?"

ಇಡೀ ಹಜಾರ ನಕ್ಕಿತು. ನನ್ನ ತಲೆ ಮಾತ್ರ ತಾನಾಗಿ ಹಿಂದಕ್ಕೆ ಹೋಗಿ ಗೋಡೆಗೆ ತಾಗಿತು. ಕೈ ಅಡ್ಡ ಬಂತು. ಬಾಯಿಂದ ಬಂದದ್ದು ಇದು:

"ಬೇಡ, ಬೇಡ. ಇದೆಲ್ಲ ನಮಗೆ ಸೇರೋದಿಲ್ಲ."

ಬೀಗಿತ್ತಿಯ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಆ ತುತ್ತನ್ನು ಅವರು ತಾವೇ ನುಂಗಿ, ಮೇಲೆದ್ದು, ನಮ್ಮ ಯಜಮಾನರಿಗೆ ಇನ್ನಷ್ಟು ಸಾರು ಬಡಿಸಿದರು. ಕೊನೆಗೆ ತಟ್ಟೆಯಲ್ಲಿ ಬಾಳೆಹಣ್ಣು ತಂದರು. ರಸಬಾಳೆ. ನಿಮ್ಮೂರ ಹಣ್ಣೇ ಹುಡುಕಿಸಿ ತರಿಸಿದ್ದು, ಹಣ್ಣಿಗೇನು, ಅದನ್ನಾದರೂ ತಿನ್ನಿ ಎಂದು ನೆಲ ನೋಡುತ್ತ ಹೇಳಿದರು. ರಸಬಾಳೆಯೂ ನನಗೆ ಆಗದು. ತೆಗೆದುಕೊಂಡು ಎಲೆಯ ಬದಿಗಿಟ್ಟೆ. ಏಳುವಾಗ ಅದು ಅಲ್ಲೇ ಇತ್ತು.

ವಾಪಸು ಬರುವ ದಾರಿಯಲ್ಲಿ ಸೊಸೆ ಕಿಟಕಿಯಾಚೆ ನೋಡುತ್ತಿದ್ದಳು. ಆ ಹುಡುಗಿ ಮಾತಾಡದೆ ಕೂತದ್ದನ್ನು ನಾನು ಮೊದಲ ಸಲ ಕಂಡೆ. ನನ್ನ ಮಾತಿನಿಂದ ಏನೋ ಮುರಿಯಿತು ಎಂದು ಗೊತ್ತಾಯಿತು. ಯಾವ ಮಾತಿನಿಂದ ಎಂಬುದು ಗೊತ್ತಾಗಲಿಲ್ಲ.

ಈ ‘ನಮಗೆ’ ನನಗೆ ನಮ್ಮಜ್ಜಿಯಿಂದ ಬಂದದ್ದು. ನನಗೆ ಮಾತು ಕಲಿಸಿದವರೇ ಅವರು. ನನ್ನಜ್ಜಿ ತಮ್ಮ ಜೀವಮಾನದಲ್ಲಿ ‘ನನಗೆ’ ಎಂದದ್ದನ್ನು ನಾನು ಕೇಳಿಲ್ಲ. ತಲೆನೋವು ಬಂದರೆ ‘ನಮಗ್ಯಾಕೋ ತಲೆ ಸಿಡೀತಿದೆ’. ಹಸಿವಾದರೆ ‘ನಮಗಿನ್ನೂ ಊಟವಾಗಿಲ್ಲ’. ಹೆಂಗಸರು ನನಗೆ ನನಗೆ ಎನ್ನುವುದು ಬಾಯಿಬಡುಕತನ ಎಂದು ಅವರ ಕಾಲದ ಎಣಿಕೆ. ನನಗೆ ಅಂದರೆ ಒಬ್ಬಳು ಎದ್ದು ನಿಂತ ಹಾಗೆ, ನಮಗೆ ಅಂದರೆ ಮನೆಯ ಸೆರಗಿನಲ್ಲಿ ನಿಂತ ಹಾಗೆ. ಆ ಮನೆಯಲ್ಲಿ ಬೆಳೆದ ನಾವೆಲ್ಲ ಹೆಣ್ಣುಮಕ್ಕಳು ಈಗಲೂ ಹೊಟ್ಟೆನೋವನ್ನು ಕೂಡ ಹಂಚಿಕೊಂಡೇ ಹೇಳುತ್ತೇವೆ.

ಅಜ್ಜಿ ವಿಧವೆ. ಬೆಳಗ್ಗೆ ಕಪಿಲೆಯಲ್ಲಿ ಮಿಂದು ಬಂದರೆ ಮಧ್ಯಾಹ್ನದ ಊಟ ಮುಗಿಯುವ ತನಕ ಮಡಿ. ಮಡಿಯೆಂದರೆ ಅವರನ್ನು ಯಾರೂ ಮುಟ್ಟಬಾರದು, ಅವರೂ ಯಾರನ್ನೂ ಮುಟ್ಟರು. ಅದು ಎಷ್ಟು ಜನರನ್ನು ಎಷ್ಟು ದೂರ ನಿಲ್ಲಿಸಿತ್ತು, ನಮ್ಮ ಹಿತ್ತಲಿನ ಬಾಗಿಲಿಗೆ ಬಂದು ಕೈಯೊಡ್ಡಿ ನಿಂತವರಿಗೆ ಅದು ಹೇಗೆ ಕಂಡಿರಬೇಕು ಎಂಬುದು ದೊಡ್ಡವಳಾದ ಮೇಲೆ ಅರ್ಥವಾಯಿತು. ಆದರೆ ಮಗುವಾಗಿದ್ದಾಗ ಆ ಮನೆಯಲ್ಲಿ ನನಗೆ ನೆಮ್ಮದಿಯಿದ್ದದ್ದು ಮಡಿಯ ಹೊತ್ತಿನಲ್ಲೇ. ಅಜ್ಜಿಯ ಹತ್ತಿರ ಒಂದು ಮಾರು ದೂರದಲ್ಲಿ ಕೂತರೆ ಯಾರೂ ಕೆನ್ನೆ ಚಿವುಟುವಂತಿಲ್ಲ, ಯಾರೂ ಎತ್ತಿ ಮುದ್ದಾಡುವಂತಿಲ್ಲ, ಎಣ್ಣೆಗೈಯಲ್ಲಿ ತಲೆ ಸವರುವಂತಿಲ್ಲ. ಅಷ್ಟು ದೂರದಿಂದ ಅಜ್ಜಿ ಕಥೆ ಹೇಳುತ್ತಿದ್ದರು. ಆ ಕಥೆ ಮಾತ್ರ ನನ್ನ ಮೈಗೆ ತಾಗಿದರೆ ಏನೂ ಉರಿಯುತ್ತಿರಲಿಲ್ಲ. ನಾನು ಈಗ ಇಷ್ಟು ಮಾತಾಡುವುದು, ಮದುವೆ ಮುಂಜಿಗೆ ಹೋದರೆ ಹೆಂಗಸರೆಲ್ಲ ನನ್ನ ಸುತ್ತ ಕೂತು ನಗುವುದು, ಎಲ್ಲದರ ಬೇರು ಅಲ್ಲಿದೆ. ಕೈಯಿಂದ ಮುಟ್ಟಲಾರದವಳು ಮಾತಿನಿಂದ ಮುಟ್ಟುವುದನ್ನು ಕಲಿತೆ.

ಸಾಯಂಕಾಲ ಕೈತುತ್ತಿನ ಹೊತ್ತು ಬಂದರೆ ಮಾತ್ರ ನಾನು ಒಂಟಿ. ಮಕ್ಕಳೆಲ್ಲ ಸುತ್ತ ಕೂತು ಅಂಗೈ ಚಾಚಬೇಕು. ಅಜ್ಜಿ ಮಧ್ಯಾಹ್ನ ಮಿಕ್ಕ ಅನ್ನ ಹುಳಿಯನ್ನು ಕಿವುಚಿ ಕಲಸಿ ಒಬ್ಬೊಬ್ಬರ ಅಂಗೈಗೆ ಒಂದೊಂದು ಉಂಡೆ ಇಡಬೇಕು. ಮನೆಯ ಮಕ್ಕಳಿಗೆ ಅದು ಅಮೃತ. ನಾನು ಮಾತ್ರ ಅಂಗೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ. ಅಣ್ಣತಮ್ಮಂದಿರು ನನಗೆ ‘ಮುಟ್ಟಿದರೆ ಮುನಿ’ ಎಂದು ಹೆಸರಿಟ್ಟಿದ್ದರು. ದಾರಿ ಬದಿಯ ಆ ಗಿಡವನ್ನು ಕಂಡರೆ ನಿಮ್ಮಕ್ಕ ಇಲ್ಲಿದ್ದಾಳೆ ನೋಡು ಎಂದು ಕಾಲಿನಿಂದ ತಾಗಿಸಿ ಮುದುಡಿಸುತ್ತಿದ್ದರು. ಅಪ್ಪ ಒಮ್ಮೆ ಮೂಗು ಹಿಡಿದು ಬೆಂಡೆಕಾಯಿ ಗೊಜ್ಜು ನುಂಗಿಸಿದರು. ಅದು ಬಂದ ದಾರಿಯಲ್ಲೇ ಅವರ ಪಂಚೆಯ ಮೇಲೆ ವಾಪಸು ಬಂತು. ಚಿಕ್ಕಮ್ಮ ಇದು ಕೊಬ್ಬು ಎಂದರು. ಅಜ್ಜಿ ಒಬ್ಬರೇ ಬೇರೆ ಮಾತು ಹೇಳಿದವರು.

"ಅವಳನ್ನ ಬಿಟ್ಬಿಡ್ರೇ. ಅವಳಿಗೆ ಮೈಯೆಲ್ಲ ಕಿವಿ. ನೀವು ಮೆಲ್ಲಗೆ ಮಾತಾಡಿದ್ದು ಅವಳಿಗೆ ಕೂಗಿದ ಹಾಗೆ ಕೇಳತ್ತೆ."

ಅಂದಿನಿಂದ ನನ್ನ ಪಾಲಿಗೆ ಎಲೆಯ ಮೇಲೆ ಮೇಲಿನಿಂದ ಉದುರುವ ಅನ್ನ, ಮೇಲೊಂದು ಸುಟ್ಟ ಹಪ್ಪಳ. ಸುತ್ತಿನಿಂದ ಹೊರಗೆ, ಕಂಬದ ಹತ್ತಿರ. ನೋಡಿದವರು ಕೇಳಿದರೆ ಅಜ್ಜಿ, ಅವಳೂ ಮಡಿ ಎಂದು ನಕ್ಕು ತೇಲಿಸುತ್ತಿದ್ದರು. ಯಾಕೆಂದರೆ ನಮ್ಮ ಭಾಷೆಯಲ್ಲಿ ಮುಟ್ಟಿಸಿಕೊಳ್ಳದವರಿಗೆ ಇರುವ ಮರ್ಯಾದೆಯ ಮಾತು ಅದೊಂದೇ. ಅಜ್ಜಿ ಹೋದ ಮೇಲೆ ‘ಮೈಯೆಲ್ಲ ಕಿವಿ’ ಎಂಬುದು ಅವರ ಜೊತೆಗೇ ಹೋಯಿತು. ‘ಅವಳೂ ಮಡಿ’ ಎಂಬುದು ನನ್ನ ಜೊತೆಗೆ ಉಳಿಯಿತು.

ಮದುವೆಯಾದ ಮೇಲೆ ನಮ್ಮ ಯಜಮಾನರು ಮೊದಮೊದಲು ನೊಂದುಕೊಂಡರು. ಆಮೇಲೆ ಏನನ್ನೂ ಕೇಳದೆ ಒಂದು ಉಪಾಯ ಕಂಡುಕೊಂಡರು. ಹೊಳೆಯ ಮೆಟ್ಟಿಲು ಇಳಿಯುವಾಗ, ಬಸ್ಸಿನಿಂದ ಇಳಿಯುವಾಗ, ಅವರು ಕೈ ಕೊಡುವುದಿಲ್ಲ. ಮಡಿಸಿದ ಕೊಡೆಯ ತುದಿ ಚಾಚುತ್ತಾರೆ. ಹಿಡಿ ಅವರ ಕೈಯಲ್ಲಿ, ತುದಿ ನನ್ನ ಕೈಯಲ್ಲಿ. ಬೇಸಗೆಯಲ್ಲೂ ಕೊಡೆ ಹಿಡಿದು ಓಡಾಡುವ ಅವರನ್ನು ಊರು ನೋಡಿ ನಗುತ್ತದೆ. ಒಳ್ಳೆಯ ಮನುಷ್ಯ. ಆದರೆ ಇಷ್ಟು ವರ್ಷದ ಸಂಸಾರದಲ್ಲಿ ನಮ್ಮಿಬ್ಬರ ನಡುವೆ ಒಂದು ಕೊಡೆಯಷ್ಟು ಜಾಗ ಯಾವಾಗಲೂ ಇತ್ತು. ಅದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ನಾನು ಎಲ್ಲರಿಗೂ ಬಡಿಸಿ ಕೊನೆಗೆ ಒಬ್ಬಳೇ ಉಣ್ಣುತ್ತೇನೆ. ಉದುರುದುರಾದ ಅನ್ನ, ಹುರಿದ ಕಡಲೆಬೀಜ, ಒಣಗಿದ ಚಪಾತಿ. ಯಾರೂ ನೋಡದಿದ್ದರೆ ಊಟ ಸಲೀಸು.

ಸೊಸೆ ಬಂದ ಮೊದಲ ವಾರಗಳಲ್ಲಿ ಆ ಒಂಟಿ ಊಟಕ್ಕೆ ಒಂದು ಜೊತೆ ಸಿಕ್ಕಿತ್ತು. ಅವಳು ಬ್ಯಾಂಕಿನಲ್ಲಿ ಕೆಲಸದವಳು. ಸಂಜೆ ಬಂದವಳು ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ದಿನದ ಕಥೆಯನ್ನೆಲ್ಲ ಹೇಳುತ್ತಿದ್ದಳು. ಹೆಬ್ಬೆಟ್ಟು ಒತ್ತಲು ಬಂದ ಮುದುಕಿ ಮ್ಯಾನೇಜರನ ಅಂಗಿಗೇ ಬೆರಳು ಒರೆಸಿದ್ದು, ಅದೂ ಇದೂ. ನಾನು ಊಟ ಮಾಡುತ್ತ ಕೇಳುತ್ತಿದ್ದೆ. ಅವಳು ನನ್ನ ತಟ್ಟೆಯ ಕಡೆ ನೋಡುತ್ತಿರಲಿಲ್ಲ, ಮಾತೇ ಅವಳಿಗೆ ಮುಖ್ಯ. ಹೆಣ್ಣುಮಕ್ಕಳಿಲ್ಲದ ನನಗೆ ಅದು ಎಂಥದ್ದಾಗಿತ್ತು ಎಂದು ಹೇಳಲಾರೆ.

ಬೀಗರ ಊಟದ ಮಾರನೆಯ ದಿನದಿಂದ ಅವಳು ಹೊಸ್ತಿಲ ಮೇಲೆ ಕೂರಲಿಲ್ಲ. ಬಾಗಿಲಾಚೆ ನಿಂತು, ಅತ್ತೆ ಒಳಗೆ ಬರಬಹುದಾ ಎಂದು ಕೇಳಿದಳು. ನಾನು ತಮಾಷೆ ಎಂದುಕೊಂಡು, ಯಾಕೆ ಬಾಗಿಲಲ್ಲಿ ಹುಲಿ ಇದೆಯೇನೇ ಎಂದೆ. ಅವಳು ನಗಲಿಲ್ಲ. ನೀರು ಬೇಕಾದರೆ ತನ್ನ ಬಾಟಲಿಯಿಂದ ಕುಡಿದಳು. ನನ್ನ ಒಗ್ಗರಣೆ ಸೌಟನ್ನು ಮುಟ್ಟುವುದು ಬಿಟ್ಟಳು. ತನ್ನ ತಟ್ಟೆ ಲೋಟ ತೊಳೆದು ಬೇರೆಯಾಗಿ ಕವುಚಿಟ್ಟಳು. ಒಂದು ಮಧ್ಯಾಹ್ನ ಆ ಬೇರೆ ಕವುಚಿಟ್ಟ ತಟ್ಟೆಯನ್ನು ನೋಡುತ್ತ ನಿಂತಿದ್ದೆ. ನಮ್ಮಜ್ಜಿಯ ಕಾಲದಲ್ಲಿ ಹಿತ್ತಲ ಗೂಡಿನಲ್ಲಿ ಹಾಗೇ ಒಂದು ತಟ್ಟೆ ಇರುತ್ತಿತ್ತು, ಹೊರಗಿನ ಕೆಲಸದವರಿಗೆ ಎಂದು. ಈಗ ನನ್ನ ಸೊಸೆ ತನಗೆ ತಾನೇ ಅದನ್ನು ಇಟ್ಟುಕೊಂಡಿದ್ದಳು.

ಕೆಲವು ದಿನ ಬಿಟ್ಟು ಮಗ ಬಂದು, ನರಸೀಪುರದಲ್ಲಿ ಬಾಡಿಗೆ ಮನೆ ನೋಡುತ್ತಿದ್ದೇವೆ, ಅವಳ ಬ್ಯಾಂಕಿಗೆ ಅದೇ ಹತ್ತಿರ ಎಂದ. ಅವನು ಸುಳ್ಳು ಹೇಳುವಾಗ ಚಿಕ್ಕಂದಿನಿಂದಲೂ ಅಂಗಿಯ ಗುಂಡಿ ತಿರುವುತ್ತಾನೆ. ನಿಜ ಹೇಳು ಎಂದೆ.

"ಅಮ್ಮ, ಅವರು ನಿನಗೋಸ್ಕರ ಮುದ್ದೆ ಕೋಲು ಕೂಡ ಹೊಸದು ತಂದಿದ್ರು. ನೀನು ಎಲ್ಲರೆದುರಿಗೆ ಇದೆಲ್ಲ ನಮಗೆ ಸೇರಲ್ಲ ಅಂದೆ. ನಮಗೆ ಅಂದ್ರೆ ಯಾರಿಗೆ?"

"ನಮಗೆ ಅಂದ್ರೆ ನನಗೆ ಕಣೋ."

"ಅಪ್ಪ ತಿಂದ್ರಲ್ಲ, ನಾನು ತಿಂದೆನಲ್ಲ. ಮತ್ತೆ ನಮಗೆ ಅಂದ್ರೆ ಜಾತಿ ಅಂತ ತಾನೆ ಅರ್ಥ?" ಎಂದ ಅವನು. "ನಿನ್ನ ಮಡಿ ನಿನಗಿರಲಿ ಅಮ್ಮ. ನಾನು ಚಿಕ್ಕವನಿದ್ದಾಗಿಂದ ನೋಡಿದ್ದೀನಿ. ಆದರೆ ಅವರ ಮನೆಯಲ್ಲಿ ಒಂದು ದಿನ ಬಿಡಬಹುದಿತ್ತು."

ನಾನು ಹೊತ್ತು ಹೆತ್ತ ಮಗ. ಅವನನ್ನು ನಾನು ಹೆಚ್ಚು ಎತ್ತಿಕೊಳ್ಳಲಿಲ್ಲ, ನಿಜ. ಅವನ ಜೊಲ್ಲು, ಅವನ ಅಂಟುಗೈ, ಕಲಸಿದ ಅನ್ನ, ಎಲ್ಲ ಅವರಪ್ಪನದೇ ಪಾಲಾಯಿತು. ಆದರೆ ಅವನಿಗೆ ಗೊತ್ತಿದೆ ಎಂದುಕೊಂಡಿದ್ದೆ. ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದವನಿಗೆ ಹೇಳದೆಯೇ ತಿಳಿದಿರುತ್ತದೆ ಎಂಬ ಭರವಸೆ. ಅವನಿಗೆ ತಿಳಿದದ್ದು ಅಜ್ಜಿಯ ಆ ಹಾರಿಕೆಯ ಮಾತು. ಅಮ್ಮ ತನ್ನನ್ನು ಮುಟ್ಟದೆ ಇದ್ದದ್ದು ಮಡಿಗೆ ಎಂದು ಆ ಮಗು ನಂಬಿ ಬೆಳೆದಿತ್ತು. ನಾನು ವಿವರಿಸಲು ಹೊರಟೆ. ಗಂಟಲು, ಕದ, ಅಗುಳಿ ಎಂದೆ. ಅವನು ತಾಳ್ಮೆಯಿಂದ ಕೇಳಿದ. ಕೇಳಿ, ಸರಿಯಮ್ಮ, ಈಗ ಅದೆಲ್ಲ ಯಾಕೆ ಎಂದ. ನೆಪ ಹೇಳುವ ಮುದುಕಿಯರಿಗೆ ಮಕ್ಕಳು ಹಾಗೆಯೇ ಅನ್ನುತ್ತಾರೆ.

ನಾನು ಮಾತಿನವಳು. ಊರಿನ ಯಾವ ಕಥೆಯನ್ನೂ ಸೊಗಸಾಗಿ ಹೇಳಿಯೇನು. ನನ್ನದನ್ನು ಹೇಳಲು ಹೊರಟರೆ ನಂಬುವ ಹಾಗೆ ಬರುವುದಿಲ್ಲ. ಸೊಸೆಗೆ ಹೇಳೋಣವೆಂದರೆ ಅವಳು ಅತ್ತೆ ಪರವಾಗಿಲ್ಲ ಬಿಡಿ ಎನ್ನುತ್ತಾಳೆ. ಹೇಳಬೇಕಾದದ್ದು ತುತ್ತು ಹಿಡಿದು ಕೂತವರಿಗೆ.

ಒಂದು ಬೆಳಗ್ಗೆ ಯಜಮಾನರಿಗೆ ಮಾತ್ರ ಹೇಳಿ, ಒಬ್ಬಳೇ ನರಸೀಪುರದ ಬಸ್ಸು ಹತ್ತಿದೆ. ಅವರು ಕೊಡೆ ಕೊಟ್ಟರು, ಬೇಡವೆಂದೆ. ಕಿಟಕಿ ಬದಿಗೆ ಕೂತು ಪಕ್ಕಕ್ಕೆ ಚೀಲ ಇಟ್ಟುಕೊಂಡೆ. ಸುತ್ತೂರಿನಲ್ಲಿ ಬಸ್ಸು ತುಂಬಿತು. ಒಬ್ಬಾಕೆ ಚೀಲ ಎತ್ತಿ ನನ್ನ ತೊಡೆಯ ಮೇಲಿಟ್ಟು ಪಕ್ಕದಲ್ಲಿ ಕೂತಳು. ಅವಳ ಬೆವರಿದ ತೋಳು ನನ್ನ ತೋಳಿಗೆ ಅಂಟಿಕೊಂಡೇ ಇತ್ತು. ಹಲ್ಲು ಕಚ್ಚಿ ಕೂತೆ. ಹೊರಗೆ ಭತ್ತದ ಗದ್ದೆ, ಕಬ್ಬು. ಅವೆಲ್ಲ ಯಾರನ್ನೂ ಮುಟ್ಟದೆ ತಮ್ಮಷ್ಟಕ್ಕೆ ನಿಂತಿದ್ದವು.

ಬೀಗಿತ್ತಿ ಜಗಲಿಯ ಮೇಲೆ ರಾಗಿ ಕೇರುತ್ತಿದ್ದರು. ನನ್ನನ್ನು ಕಂಡವರೇ ಮೊರ ಬಿಟ್ಟು ಎದ್ದರು. ಚಾಪೆ ಹಾಸಿದರು, ಆದರೆ ದೂರ ಹಾಸಿದರು. ಕುಡಿಯಲು ನೀರು ಕೊಡಲೇ ಎಂದು ಕೇಳಲಿಲ್ಲ. ಅಂಗಡಿಯಿಂದ ಬಾಟಲಿ ನೀರು ತರಿಸುತ್ತೇನೆ ಎಂದರು. ಆ ಮಾತು ನನ್ನನ್ನು ಬಸ್ಸಿನ ತೋಳಿಗಿಂತ ಹೆಚ್ಚು ಸುಟ್ಟಿತು.

ನಿಮ್ಮ ಮನೆಯ ನೀರೇ ಕೊಡಿ ಎಂದು ಈಸಿಕೊಂಡು ಕುಡಿದೆ. ಕುಡಿದು, ಬಂದ ಕಾರಣ ಹೇಳಿದೆ. ಅಂದು ನಮಗೆ ಎಂದದ್ದು ನನ್ನೊಬ್ಬಳಿಗೆ, ಅದು ನಮ್ಮ ಮನೆಯ ಹೆಂಗಸರ ಬಾಯಿಯ ಅಭ್ಯಾಸ, ಜಾತಿಗೂ ಅದಕ್ಕೂ ಸಂಬಂಧವಿಲ್ಲ ಎಂದೆ. ಮೆತ್ತಗಿದ್ದದ್ದು ನನಗೆ ಇಳಿಯುವುದಿಲ್ಲ, ಯಾರ ಕೈಯಿಂದಲೂ ಇಳಿಯುವುದಿಲ್ಲ ಎಂದೆ. ಬೀಗಿತ್ತಿ ರಾಗಿಯಲ್ಲಿ ಕಲ್ಲು ಹುಡುಕುತ್ತ ಕೇಳುತ್ತಿದ್ದರು.

"ಓಗ್ಲಿ ಬುಡಿ ಬೀಗಿತ್ರೀ. ದೊಡ್ಡೋರು, ಮನೇಗಂಟ ಬಂದು ಏಳ್ತಿದ್ದೀರಿ. ನಾವೇನ್ ಮನಸ್ನಲ್ಲಿ ಮಡಿಕಂಡಿಲ್ಲ." ಮನಸ್ಸಿನಲ್ಲಿ ಇಟ್ಟುಕೊಂಡದ್ದು ಅವರ ದನಿಯಲ್ಲೇ ಇತ್ತು. ತಲೆ ಎತ್ತದೆ ಸೇರಿಸಿದರು, "ಇಟ್ಟಿನ್ ಮುದ್ದೆ ಬ್ಯಾಡ ಅಂದ್ರಿ, ಸರಿ. ಸಾರು ಬ್ಯಾಡ ಅಂದ್ರಿ, ಸರಿ. ಅಣ್ಣು ಏನ್ ಮಾಡಿತ್ತು? ನಮ್ ಅತ್ತೆ ಕಾಲ್ದಲ್ಲಿ ಬ್ರಾಂಬ್ರ ಮನೆಯೋರು ಗದ್ದೆಗೆ ಬಂದ್ರೆ ಇಟ್ಟು ಮುಟ್ತಿರ್ಲಿಲ್ಲ. ಎಂಥಾ ಮಡಿಯೋರೂ ಬಾಳೆಅಣ್ಣು ಮಾತ್ರ ಈಸ್ಕಂಡು ತಿನ್ನೋರು. ಅಣ್ಗೆ ಮೈಲ್ಗೆ ಇಲ್ಲ ಅಂತಿದ್ರು. ನೀವು ಅದ್ನೂ ಬುಟ್ಟು ಓದ್ರಿ. ಅದ್ಕೇ ನಮ್ ಎಣ್ಣು ಅತ್ಬುಡ್ತು."

ಅಲ್ಲಿಯ ತನಕ ಆ ಹಣ್ಣು ನನಗೆ ನೆನಪೇ ಇರಲಿಲ್ಲ.

"ರಸಬಾಳೆ ನಾನು ಹುಟ್ಟಿದಾಗಿಂದ ತಿಂದಿಲ್ಲ ಬೀಗಿತ್ತಿ," ಎಂದೆ. "ಬಾಯಲ್ಲಿಟ್ಟರೆ ಲೋಳೆ ಲೋಳೆ. ನಮ್ಮಪ್ಪ ತೋಟದವರ ಮನೆಯಿಂದ ಗೊನೆ ತಂದರೆ ನಾನು ಹಿತ್ತಲಿಗೆ ಓಡ್ತಿದ್ದೆ."

ಅವರ ಕೈ ಮೊರದಲ್ಲಿ ನಿಂತಿತು. "ನಂಜನಗೂಡ್ನಲ್ಲಿ ಉಟ್ಟಿ?"

"ನಂಜನಗೂಡಿನಲ್ಲಿ ಹುಟ್ಟಿ."

"ರಸಬಾಳೆ ಆಗಾಕಿಲ್ಲ?"

"ವಾಸನೆ ಆಗತ್ತೆ. ಹಣ್ಣು ಆಗಲ್ಲ."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಭುಜ, ಕೊನೆಗೆ ನಗು ಬಾಯಿಗೆ ಬಂತು. ಮಡಿಯ ಸುಳ್ಳನ್ನು ಯಾರು ಬೇಕಾದರೂ ಹೇಳಿಯಾರು, ನಂಜನಗೂಡಿನವಳಾಗಿ ರಸಬಾಳೆ ಆಗದು ಎಂಬ ಸುಳ್ಳನ್ನು ಯಾವ ಹೆಂಗಸು ಹೇಳಿಯಾಳು ಎಂದು ಅವರಿಗೆ ಅನಿಸಿರಬೇಕು. ಇನ್ನೇನೇನು ಆಗದು ಎಂದು ಒಂದೊಂದಾಗಿ ಕೇಳತೊಡಗಿದರು. ಬೆಂಡೆಕಾಯಿ? ಬಸಳೆ? ಪಾಯಸ? ಮೊಸರನ್ನ? ಪ್ರತಿಯೊಂದಕ್ಕೂ ನಾನು ತಲೆಯಾಡಿಸಿದಂತೆ ಅವರ ಹುಬ್ಬು ಮೇಲೇರುತ್ತಿತ್ತು. ಅಯ್ಯೋ ನಮ್ಮವ್ವ, ಮತ್ತೆ ಏನು ತಿಂದು ಬದುಕಿದ್ದೀರಿ ಎಂದರು. ಗರಿಗರಿಯಾದದ್ದು, ಒಣಗಿದ್ದು ಎಂದೆ.

ಬೀಗಿತ್ತಿ ಒಳಗೆ ಹೋದರು. ಒಳಗೆ ಪಾತ್ರೆ ಕೆರೆಯುವ ಸದ್ದಾಯಿತು. ವಾಪಸು ಬಂದಾಗ ಕೈಯಲ್ಲಿ ಒಂದು ತಟ್ಟೆ, ಆದರೆ ಕೊಡಲು ಅನುಮಾನ. ಬೆಳಗಿನ ಮುದ್ದೆಯ ಪಾತ್ರೆಯ ತಳಕ್ಕೆ ಹಿಡಿದು ಒಣಗಿ, ಹಪ್ಪಳದ ಹಾಗೆ ಎದ್ದು ಬಂದ ರಾಗಿಯ ಸೀಕು. ಆ ಕಡೆ ಅದನ್ನು ಮನೆಯ ಮಕ್ಕಳು ಕಿತ್ತಾಡಿ ತಿನ್ನುತ್ತಾರೆ, ಉಳಿದರೆ ದನದ ಕಲಗಚ್ಚಿಗೆ. ಬಂದ ನೆಂಟರಿಗೆ ಯಾರೂ ಕೊಡುವುದಿಲ್ಲ.

"ತಳ ಕೆರ್‍ದಿದ್ದ ಬೀಗಿತ್ತಿಗ್ ಕೊಟ್ಲು ಅಂತ ನಾಕ್ ಜನ ಕೇಳಿದ್ರೆ ನನ್ ಮಾನ ಓಯ್ತದೆ," ಎಂದು ಬಾಗಿಲಾಚೆ ನೋಡಿ, ತಟ್ಟೆಯನ್ನು ನನ್ನ ಕೈಗೆ ಕೊಡದೆ ಚಾಪೆಯ ಮೇಲೆ ಇಟ್ಟರು. "ಯಾರ್‍ಗೂ ಏಳ್ಬ್ಯಾಡಿ."

ನಾನು ತಿಂದೆ. ಕಟಕಟ ಎಂದು ಮುರಿಯುತ್ತಿತ್ತು, ಸ್ವಲ್ಪ ಸೀದ ವಾಸನೆ, ಉಪ್ಪು. ಒಂದು ಚೂರೂ ಬಿಡದೆ ತಿಂದೆ. ಅವರು ರಾಗಿ ಕೇರುವುದನ್ನು ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದರು. ಹಾಗೆ ಯಾರಾದರೂ ನೋಡುತ್ತಿರುವಾಗ ನಾನು ತಟ್ಟೆ ಖಾಲಿ ಮಾಡಿದ್ದು ಅದೇ ಮೊದಲು.

ಹೊರಡುವಾಗ ಅವರು ಅಭ್ಯಾಸಬಲದಿಂದ ನನ್ನ ಕೈ ಹಿಡಿಯಲು ಮುಂದೆ ಬಂದರು. ಬಂದವರು ಅರ್ಧದಲ್ಲೇ ನಿಂತು, ಕೈಯನ್ನು ಸೆರಗಿಗೆ ಒರೆಸಿಕೊಂಡರು. ನನ್ನಿಂದಲೂ ಮುಂದೆ ಹೋಗಲಾಗಲಿಲ್ಲ. ಬಸ್ಸಿನಲ್ಲಿ ಬರುತ್ತ ಆ ನಿಂತ ಕೈ ಕಣ್ಣ ಮುಂದೆ ಇತ್ತು. ಅರ್ಥ ಮಾಡಿಕೊಂಡವರೂ ದೂರವೇ ನಿಲ್ಲಬೇಕು. ನನ್ನ ಪಾಲಿಗೆ ಪ್ರೀತಿ ಎಂದರೆ ಅದೇ.

ಮಗ ಸೊಸೆ ಬಾಡಿಗೆ ಮನೆಗೆ ಹೋದರು. ಮುಂಗಡ ಕೊಟ್ಟಾಗಿತ್ತು, ಮಾತು ಆಡಿಯಾಗಿತ್ತು, ನಾನು ತಡೆಯಲಿಲ್ಲ. ಬ್ಯಾಂಕಿಗೆ ಅದು ಹತ್ತಿರವೆಂಬುದೂ ಸುಳ್ಳಲ್ಲ. ಹೋಗುವ ದಿನ ಸೊಸೆ ತನ್ನ ತಟ್ಟೆಯನ್ನು ಬೇರೆ ಗೂಡಿನಿಂದ ತೆಗೆದು ನಮ್ಮ ತಟ್ಟೆಗಳ ನಡುವೆ ಇಟ್ಟು ಹೋಗಿದ್ದಳು. ನಾನು ಅದನ್ನು ಆಮೇಲೆ ಕಂಡೆ. ಅವಳ ಅಮ್ಮ ಅವಳಿಗೆ ಏನು ಹೇಳಿದರೋ, ಎಷ್ಟು ಹೇಳಿದರೋ ಗೊತ್ತಿಲ್ಲ. ಸಂಜೆಗಳಲ್ಲಿ ಈಗ ಫೋನ್ ಮಾಡುತ್ತಾಳೆ. ನಾನು ಫೋನನ್ನು ಹೊಸ್ತಿಲ ಮೇಲೆ ಇಟ್ಟು, ದನಿ ಜೋರು ಮಾಡಿ, ಊಟ ಮಾಡುತ್ತ ಕೇಳುತ್ತೇನೆ. ಒಂದೊಂದು ದಿನ ಅವಳಿಗೆ ಪುರುಸೊತ್ತಿರುವುದಿಲ್ಲ. ಅಂದು ಹೊಸ್ತಿಲು ಬರಿದು.

ಮುಂದಿನ ವರ್ಷ ನರಸೀಪುರದಲ್ಲಿ ಸೊಸೆಯ ಸೀಮಂತವಾಯಿತು. ಹಜಾರದ ತುಂಬ ಹೆಂಗಸರು. ಬೀಗಿತ್ತಿ ಅರಿಶಿನ ಕಲಸಿದ ಬಟ್ಟಲು ಹಿಡಿದು, ಸಾಲಾಗಿ ಕೂತವರ ಕೆನ್ನೆಗೆ ಬಳಿಯುತ್ತ ಬರುತ್ತಿದ್ದರು. ನನ್ನ ಹತ್ತಿರ ಬಂದಾಗ ಬಟ್ಟಲನ್ನು ನನ್ನ ಮುಂದೆ ಚಾಚಿ ನಿಂತರು. ನಾನು ಬೆರಳ ತುದಿಯಲ್ಲಿ ಅರಿಶಿನ ತೆಗೆದುಕೊಂಡು ನನ್ನ ಕೆನ್ನೆಗೆ ನಾನೇ ಹಚ್ಚಿಕೊಂಡೆ. ಪಕ್ಕದಲ್ಲಿದ್ದ ಅವರ ನಾದಿನಿ, ಅದ್ಯಾಕವ್ವ ಬೀಗಿತ್ತಿಗೆ ನೀನೇ ಹಚ್ಚಬಾರದಾ ಎಂದು ಕೇಳಿದಳು.

"ನಮ್ಗೆ ಸೇರಾಕಿಲ್ಲ ಬುಡು," ಎಂದರು ಬೀಗಿತ್ತಿ. ಎಂದು, ಬಟ್ಟಲಿಗೆ ಬೆರಳು ಅದ್ದಿ, ಆ ನಾದಿನಿಯ ಎರಡೂ ಕೆನ್ನೆಗೆ ಅರಿಶಿನ ಬಳಿದು, ಮುಂದಿನವರ ಹತ್ತಿರ ಹೋದರು.